ಫ್ಲೆಕ್ಸ್ ಬೇಡ, ಬಿಲ್ ಪುಸ್ತಕ ತೆಗೆಯಿರಿ: ಬೀದಿಯ ಟೈಲರ್ ತೀರಿಕೊಂಡಾಗ ಮಾಡಬೇಕಾದ್ದು

ನಮ್ಮ ಟೈಲರ್ ಮಾಮ ಹೋಗಿದ್ದು ಮೇ ತಿಂಗಳ ಕೊನೆಯಲ್ಲಿ. ಶಾಲೆ ಶುರುವಾಗುವ ಹೊತ್ತು. ತಿಪಟೂರಿನ ಆ ಹತ್ತಡಿ ಅಂಗಡಿಯೊಳಗೆ ಆಗ ಅರ್ಧ ಬೀದಿಯ ಬಟ್ಟೆ ಇತ್ತು. ಯೂನಿಫಾರ್ಮು, ಮದುವೆ ಮನೆಯ ಬ್ಲೌಸು, ಕೊಬ್ಬರಿ ಮಂಡಿ ಹಮಾಲರ ಪಟ್ಟಾಪಟ್ಟಿ ಚಡ್ಡಿ. ಅವತ್ತು ರಾತ್ರಿ ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು ಮಾತ್ರ ಫ್ಲೆಕ್ಸ್ ಲೆಕ್ಕ. ಎಷ್ಟಡಿ, ಯಾವ ಫೋಟೋ, ಕೆಳಗೆ ಯಾರ್‍ಯಾರ ಹೆಸರು. ನಾನೂ ಐನೂರು ಹಾಕ್ತೀನಿ ಅಂದಿದ್ದೆ.

ಮಾರನೇ ದಿನ ಮನೆಗೆ ಹೋದಾಗ ಅತ್ತೆ, ಅಂದರೆ ಅವರ ಹೆಂಡತಿ, ಅಳುತ್ತಲೇ ಕೇಳಿದ್ದು ಒಂದೇ ಮಾತು. 'ಜನರ ಬಟ್ಟೆ ಎಲ್ಲ ಒಳಗಿದೆ ಕಣಪ್ಪ, ಏನ್ ಮಾಡ್ಲಿ?'

ಆ ಒಂದು ಪ್ರಶ್ನೆಯ ಹಿಂದೆ ಹೋಗಿ ನಾವು ನಾಲ್ಕೈದು ಜನ ಸುಮಾರು ಆರು ತಿಂಗಳು ಕೆಲಸ ಮಾಡಿದೆವು. ಅದರಲ್ಲಿ ಕಲಿತದ್ದನ್ನು ಬರೆಯುತ್ತಿದ್ದೇನೆ. ಟೈಲರ್ ಅಂತ ಬರೆದರೂ ಸೈಕಲ್ ಶಾಪಿನವರು, ವಾಚ್ ರಿಪೇರಿಯವರು, ಚಪ್ಪಲಿ ಹೊಲಿಯುವವರು, ಮಿಕ್ಸಿ ರಿಪೇರಿ ಮಾಡುವವರು, ಯಾರೇ ಆದರೂ ಇದರಲ್ಲಿ ಮುಕ್ಕಾಲು ಪಾಲು ಹೊಂದುತ್ತದೆ. ಇನ್ನೊಬ್ಬರ ವಸ್ತುವನ್ನು ನಂಬಿಕೆಯ ಮೇಲೆ ಇಟ್ಟುಕೊಂಡು ಕೆಲಸ ಮಾಡುತ್ತಿದ್ದವರು ಹೋದರೆ ಅವರ ನೆನಪು ಮೊದಲು ಇರುವುದು ಆ ವಸ್ತುಗಳಲ್ಲೇ.

ಫ್ಲೆಕ್ಸ್ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ಬೇಡ. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ನಿಷೇಧಿಸಿದ ಪ್ಲಾಸ್ಟಿಕ್ ಸಾಮಾನುಗಳಲ್ಲಿ ಫ್ಲೆಕ್ಸೂ ಇದೆ. ಅದು ಹಾಗಿರಲಿ, ಹದಿನೈದು ದಿನಕ್ಕೆ ಗಾಳಿಗೆ ಹರಿದು, ಆ ಮುಖ ಚರಂಡಿ ಪಕ್ಕ ಬಿದ್ದಿರುವುದನ್ನು ಮನೆಯವರು ನೋಡಬೇಕಾ? ಆ ದುಡ್ಡನ್ನು ಒಂದು ಕವರಿನಲ್ಲಿ ಹಾಕಿ ಮನೆಗೆ ಕೊಡಿ.

ಮೊದಲ ಮೂರು ವಾರ

ನೀವು ಅವರಿಗೆ ಕೊಡಬೇಕಾದ ಬಾಕಿ ಇದ್ದರೆ ಇವತ್ತೇ ಕೊಡಿ. ಯಾರೂ ಕೇಳುವುದಿಲ್ಲ, ಅದಕ್ಕೇ ನೀವಾಗಿ ಕೊಡಬೇಕು. 'ಮುಂದಿನ ಸಲ ಸೇರಿಸಿ ಕೊಡ್ತೀನಿ ಮಾಮ' ಅಂತ ನಾನೇ ಬಿಟ್ಟಿದ್ದ ನೂರಾ ಎಂಬತ್ತು ರೂಪಾಯಿ ಇತ್ತು. ನಮ್ಮ ಬೀದಿಯಲ್ಲಿ ಹೀಗೆ ಒಬ್ಬೊಬ್ಬರೇ ಕೊಟ್ಟದ್ದು ಸೇರಿ ತಿಥಿಯ ಖರ್ಚಿಗೆ ಆಸರೆಯಾಯಿತು.

ಕಾಗದ ಪತ್ರಕ್ಕೆ ಒಬ್ಬರು ಜವಾಬ್ದಾರಿ ತಗೊಳ್ಳಿ. ಮನೆಯವರಿಗೆ ಆ ದಿನಗಳಲ್ಲಿ ತಲೆ ಓಡುವುದಿಲ್ಲ. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಆಸ್ಪತ್ರೆಯವರೇ ವರದಿ ಕಳಿಸುತ್ತಾರೆ. ಮನೆಯಲ್ಲಿ ಆದರೆ ಮನೆಯವರೇ ತಿಳಿಸಬೇಕು. ತಡ ಮಾಡಿದರೆ ಶುಲ್ಕ, ಅನುಮತಿ, ಅಲೆದಾಟ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಾಗುತ್ತದೆ. ಅರ್ಜಿಯಲ್ಲಿ ಹೆಸರನ್ನು ಆಧಾರ್‌ನಲ್ಲಿ ಇರುವ ಹಾಗೇ ಬರೆಸಿ. ಊರೆಲ್ಲ ಕರೆಯುವ ಹೆಸರೇ ಬೇರೆ, ಕಾಗದದ ಹೆಸರೇ ಬೇರೆ ಇರುತ್ತದೆ ಅಲ್ವಾ? ಅಲ್ಲೇ ಎಡವಟ್ಟಾಗುವುದು. ಬ್ಯಾಂಕು, ಕರೆಂಟ್ ಮೀಟರು, ಅಂಗಡಿ ಬಾಡಿಗೆ ಅಂತ ನಾಲ್ಕೈದು ಕಡೆ ಬೇಕಾಗುವುದರಿಂದ ಒಂದಲ್ಲ, ಹಲವು ಪ್ರತಿ ತೆಗೆಸಿಟ್ಟುಕೊಳ್ಳಿ.

ಆಮೇಲೆ ಬ್ಯಾಂಕ್ ಪಾಸ್‌ಬುಕ್ ಎಂಟ್ರಿ ಮಾಡಿಸಿ, ಕೂತು ಓದಿ. ವರ್ಷಕ್ಕೊಮ್ಮೆ 436 ರೂಪಾಯಿ ಕಡಿತ ಆಗಿದ್ದರೆ ಅದು ಜೀವನ ಜ್ಯೋತಿ ವಿಮೆ. ಯಾವ ಕಾರಣಕ್ಕೆ ತೀರಿಕೊಂಡರೂ 2 ಲಕ್ಷ ಬರುತ್ತದೆ, ಆದರೆ 55 ವರ್ಷದ ತನಕ ಮಾತ್ರ. 20 ರೂಪಾಯಿ ಕಡಿತ ಆಗಿದ್ದರೆ ಅದು ಸುರಕ್ಷಾ ವಿಮೆ, 70 ವರ್ಷದ ತನಕ, ಅಪಘಾತದ ಸಾವಿಗೆ. ಎಷ್ಟೋ ಮನೆಯವರಿಗೆ ಇದು ಇದೆ ಅಂತಲೇ ಗೊತ್ತಿರುವುದಿಲ್ಲ. ಬ್ಯಾಂಕಿನಲ್ಲಿ ಖಾತೆ ತೆರೆದ ದಿನ ಸಹಿ ಹಾಕಿ ಬಂದಿರುತ್ತಾರೆ, ಅಷ್ಟೇ.

ನಮ್ಮ ರಾಜ್ಯದಲ್ಲಿ ಅಸಂಘಟಿತ ಕಾರ್ಮಿಕರಿಗೆ 'ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ' ಅಂತ ಒಂದು ಯೋಜನೆ ಇದೆ. ಟೈಲರು, ಮೆಕ್ಯಾನಿಕ್ಕು, ಅಗಸರು, ಕ್ಷೌರಿಕರು, ಕಮ್ಮಾರರು, ಕುಂಬಾರರು, ಅಕ್ಕಸಾಲಿಗರು, ಹಮಾಲರು ಎಲ್ಲ ಅದರೊಳಗೆ ಬರುತ್ತಾರೆ. ಕಾರ್ಡ್ ಮಾಡಿಸಿದ್ದರೆ ಅಂತ್ಯಕ್ರಿಯೆಗೆ ಸಹಾಯಧನ ಉಂಟು. ಅಂಗಡಿಯ ಗಲ್ಲಾಪೆಟ್ಟಿಗೆ, ದೇವರ ಫೋಟೋ ಹಿಂದೆ, ಮಿಷನ್ನಿನ ಡ್ರಾಯರು, ಎಲ್ಲ ಕಡೆ ಹುಡುಕಿ. ನಮ್ಮ ಮಾಮನ ಕಾರ್ಡು ಸಿಕ್ಕಿದ್ದು ಬಾಬಿನ್ ಇಡುವ ತಗಡಿನ ಡಬ್ಬಿಯಲ್ಲಿ. ಅದನ್ನು ತಗೊಂಡು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ ಕೇಳಿ. ಅಂಗಡಿ ಬಾಡಿಗೆಯದ್ದಾದರೆ ಅಡ್ವಾನ್ಸ್ ಕೊಟ್ಟ ಕರಾರು ಪತ್ರವನ್ನೂ ಜೊತೆಗೇ ಹುಡುಕಿ. ಆ ದುಡ್ಡು ಮನೆಯವರದ್ದು. ಪತ್ರ ಸಿಗದಿದ್ದರೆ ಬೀದಿಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಮಾತಾಡಿ.

ಅಂಗಡಿ ಬಾಗಿಲು ತೆಗೆಯುವುದು

ಕ್ರಿಯೆಗಳು ಮುಗಿದ ಮೇಲೆ ಮನೆಯವರು ಒಪ್ಪಿದ ದಿನ ಬಾಗಿಲು ತೆಗೆಯಿರಿ. ಹನ್ನೊಂದೋ ಹದಿಮೂರೋ ನಲವತ್ತೋ, ಅದು ಅವರವರ ಮನೆಯ ಪದ್ಧತಿ. ಮದುವೆಯ ಬಟ್ಟೆಯಂಥ ತುರ್ತು ಇದ್ದರೆ ಮೊದಲೇ ಒಂದರ್ಧ ಗಂಟೆ ತೆಗೆದು ಕೊಟ್ಟುಬಿಡಿ, ಮನೆಯವರೇ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಒಳಗೆ ಹೋಗುವವರಲ್ಲಿ ಒಬ್ಬರು ಮನೆಯವರೇ ಇರಲಿ, ಒಬ್ಬರು ಹೊಲಿಗೆ ಗೊತ್ತಿರುವವರು. ಹೆಂಗಸರ ಬಟ್ಟೆ ಇದ್ದೇ ಇರುತ್ತದೆ, ಹಾಗಾಗಿ ಒಬ್ಬ ಹೆಣ್ಣುಮಗಳು ಇರಲೇಬೇಕು.

ಏನನ್ನೂ ಮುಟ್ಟುವ ಮೊದಲು ಇದ್ದದ್ದು ಇದ್ದ ಹಾಗೆ ಫೋಟೋ ತೆಗೆಯಿರಿ. ಕತ್ತರಿ ಎಲ್ಲಿತ್ತು, ಟೇಪು ಯಾವ ಮೊಳೆಗೆ ನೇತುಹಾಕಿತ್ತು, ಮಿಷನ್ನಿನ ಸೂಜಿಯ ಕೆಳಗೆ ಯಾವ ಬಟ್ಟೆ ಅರ್ಧಕ್ಕೆ ನಿಂತಿತ್ತು. ನಮ್ಮ ಮಾಮನ ಮಿಷನ್ನಲ್ಲಿ ಒಂದು ಸಣ್ಣ ಹುಡುಗನ ಯೂನಿಫಾರ್ಮ್ ತೋಳು ಇತ್ತು, ದಾರ ಕೂಡ ಕತ್ತರಿಸಿರಲಿಲ್ಲ. ಆ ಫೋಟೋ ತೆಗೆಯದೆ ಇದ್ದಿದ್ದರೆ ನಾನು ಇವತ್ತಿಗೂ ಕೊರಗುತ್ತಿದ್ದೆ.

ಈಗ ಬಿಲ್ ಪುಸ್ತಕ. ನಮ್ಮೂರ ಕಡೆ ಟೈಲರ್‌ಗಳು ಬಿಲ್ಲಿನ ಒಂದು ಪ್ರತಿ ನಮಗೆ ಕೊಟ್ಟು, ಇನ್ನೊಂದು ಪುಸ್ತಕದಲ್ಲೇ ಉಳಿಸಿಕೊಂಡು, ಅದಕ್ಕೆ ಬಟ್ಟೆಯ ಒಂದು ಸಣ್ಣ ತುಂಡು ಪಿನ್ ಹೊಡೆದಿಟ್ಟಿರುತ್ತಾರೆ. ನಂಬರು, ಹೆಸರು, ಕೊಡಬೇಕಾದ ದಿನ, ಅಡ್ವಾನ್ಸು ಎಲ್ಲ ಅಲ್ಲೇ. ಗಂಟು ಬಿಚ್ಚುವ ಮೊದಲು ಆ ತುಂಡು, ಈ ಬಟ್ಟೆ ಎರಡೂ ಒಂದೇನಾ ಅಂತ ನೋಡಿ. ನಾವು ಬರೀ ನಂಬರ್ ನೋಡಿ ಒಂದು ಮನೆಗೆ ಇನ್ನೊಂದು ಮನೆಯ ನೀಲಿ ಪ್ಯಾಂಟ್ ಬಟ್ಟೆ ಕೊಟ್ಟುಬಿಟ್ಟೆವು. ಎರಡೂ ಒಂದೇ ಶಾಲೆಯ ಬಣ್ಣ, ಅಳತೆ ಮಾತ್ರ ಬೇರೆ. ಆ ತಾಯಿ ಬೇರೆ ಕಡೆ ಕೊಟ್ಟು ಕತ್ತರಿಸಿಯೂ ಆಗಿತ್ತು. ಹೊಸ ಬಟ್ಟೆ ತಂದುಕೊಟ್ಟು ಸರಿ ಮಾಡಿದೆವು, ಆದರೆ ಮಾಮನ ಹೆಸರಲ್ಲಿ ಒಂದು ತಪ್ಪು ನಡೆದುಹೋಯಿತಲ್ಲ ಅನ್ನುವ ಸಂಕಟ ಬೇಗ ಹೋಗಲಿಲ್ಲ.

ಬಟ್ಟೆಗಳನ್ನು ಹೊಲಿದಷ್ಟಕ್ಕೆ ತಕ್ಕ ಹಾಗೆ ಬೇರೆ ಬೇರೆ ಇಡಿ. ಕತ್ತರಿಸದೇ ಇರುವ ಪೀಸನ್ನು ಹಾಗೇ ವಾಪಸ್ ಕೊಡಿ, ಅಡ್ವಾನ್ಸ್ ವಾಪಸ್ ಬೇಕಾ ಅಂತ ಕೇಳಿ. ನಮ್ಮಲ್ಲಿ ಒಬ್ಬರೂ ತಗೊಳ್ಳಲಿಲ್ಲ. ಪೂರ್ತಿ ಹೊಲಿದು ಕಾಜಾ ಬಟನ್ ಮಾತ್ರ ಬಾಕಿ ಇರುವುದನ್ನು ಒಂದೇ ಸಲ ಕಾಜಾ ಹಾಕುವವರಿಗೆ ಕೊಟ್ಟು, ಇಸ್ತ್ರಿ ಮಾಡಿಸಿ, ಹೊಲಿಗೆ ದುಡ್ಡು ಪೂರ್ತಿ ವಸೂಲಿ ಮಾಡಿ ಮನೆಗೆ ಕೊಡಿ. ಅದು ಅವರ ಕೊನೆಯ ಸಂಪಾದನೆ, ಅದರಲ್ಲಿ ರಿಯಾಯಿತಿ ಬೇಡ.

ಕಷ್ಟ ಇರುವುದು ಕತ್ತರಿಸಿಟ್ಟ, ಇನ್ನೂ ಹೊಲಿಯದ ಬಟ್ಟೆಯಲ್ಲಿ. ಒಬ್ಬರು ಕತ್ತರಿಸಿದ್ದನ್ನು ಇನ್ನೊಬ್ಬರು ಹೊಲಿಯುವುದು ಸುಲಭ ಅಲ್ಲ, ಏಕೆಂದರೆ ಹೊಲಿಗೆಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ, ಚಾಕಿನ ಗುರುತು ಹೊಲಿಗೆಯ ಗೆರೆಯೋ ಮಡಿಸುವ ಗೆರೆಯೋ ಅನ್ನುವುದು ಒಬ್ಬೊಬ್ಬ ಟೈಲರ್‌ದು ಒಂದೊಂದು ರೀತಿ. ನಮ್ಮ ಮಾಮ ಮಕ್ಕಳ ಪ್ಯಾಂಟಿನ ಕೆಳಗೆ ಒಂದೂವರೆ ಇಂಚು ಜಾಸ್ತಿ ಮಡಚಿಡುತ್ತಿದ್ದರು, ಹಿಂದಿನ ಹೊಲಿಗೆಯಲ್ಲೂ ಒಳಗೆ ಬಟ್ಟೆ ಬಿಡುತ್ತಿದ್ದರು. 'ಮಗು ಬೆಳೀತದೆ, ಅವರಪ್ಪನ ಸಂಬಳ ಬೆಳೆಯಲ್ಲ' ಅನ್ನೋರು. ಗೊತ್ತಿಲ್ಲದವರು ಅದನ್ನು ಬೇಡದ ಬಟ್ಟೆ ಅಂತ ಕತ್ತರಿಸಿ ಬಿಸಾಕುತ್ತಾರೆ. ಹಾಗಾಗಿ ಅವರ ಹತ್ತಿರವೇ ಕಲಿತವರು ಯಾರಿದ್ದಾರೆ ಅಂತ ಮೊದಲು ಹುಡುಕಿ. ನಮಗೆ ಇಬ್ಬರು ಸಿಕ್ಕರು, ಒಬ್ಬ ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಇದ್ದ. ಎರಡು ಭಾನುವಾರ ಬಂದು, ಅದೇ ಮಿಷನ್ನಲ್ಲಿ ಕೂತು, ಎಲ್ಲ ಹೊಲಿದುಕೊಟ್ಟು ಹೋದ. ಕೂಲಿ ಬೇಡ ಅಂದ. ಬಲವಂತವಾಗಿ ಬಸ್ ಚಾರ್ಜ್ ಕೊಟ್ಟೆವು.

ಯಾರೂ ಬಾರದ ಗಂಟುಗಳೂ ಇರುತ್ತವೆ. ಮೂರು ವರ್ಷ, ಐದು ವರ್ಷದ್ದು. ಸುಮ್ನೆ ಎತ್ತಿ ಯಾರಿಗೋ ದಾನ ಮಾಡಬೇಡಿ. ಬಾಗಿಲಿಗೆ ಬಿಲ್ ನಂಬರುಗಳನ್ನು ಬರೆದು ಅಂಟಿಸಿ, ಒಂದು ಹಬ್ಬ ದಾಟುವ ತನಕ ಕಾಯಿರಿ. ಊರಿಂದ ಹೊರಗಿರುವವರು ಹಬ್ಬಕ್ಕೆ ಬರುತ್ತಾರೆ. ಹೀಗೆ ಕಾದಿದ್ದಕ್ಕೇ ನಮ್ಮಲ್ಲಿ ದೀಪಾವಳಿಗೆ ಒಬ್ಬ ಹೆಂಗಸು ಬಂದು, ತೀರಿಹೋದ ತಮ್ಮ ಯಜಮಾನರ ಶರ್ಟ್ ತಗೊಂಡು ಹೋದರು. ಯಜಮಾನರು ಹೊಲಿಸಲು ಕೊಟ್ಟಿದ್ದರು, ತರಲು ಆಗಿರಲಿಲ್ಲ.

ಅಳತೆ ಪುಸ್ತಕ

ಇದನ್ನು ಮಾತ್ರ ದಯವಿಟ್ಟು ರದ್ದಿಗೆ ಹಾಕಬೇಡಿ. ಬಿಲ್ ಪುಸ್ತಕ ಬೇರೆ, ಅಳತೆ ಪುಸ್ತಕ ಬೇರೆ. ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಮನೆಗೊಂದು ಪುಟ. ಶರ್ಟಿಗೆ ಉದ್ದ, ಭುಜ, ತೋಳು, ಎದೆ, ಕಾಲರ್. ಪ್ಯಾಂಟಿಗೆ ಉದ್ದ, ಸೊಂಟ, ಸೀಟು, ತೊಡೆ, ಮಂಡಿ, ಬಾಟಮ್. ಎಲ್ಲ ಇಂಚಿನಲ್ಲಿ. ಪಕ್ಕದಲ್ಲಿ ಅವರಿಗೆ ಮಾತ್ರ ಅರ್ಥವಾಗುವ ಗುರುತುಗಳು. ಬಲ ಭುಜ ಸ್ವಲ್ಪ ಇಳಿಜಾರು, ಹೊಟ್ಟೆ ಮುಂದೆ, ಒಳಜೇಬು ಬೇಕು. ಕೊಬ್ಬರಿ ಮಂಡಿಯವರ ಪುಟಗಳಲ್ಲಿ ಒಳಜೇಬು ತಪ್ಪದೇ ಇತ್ತು, ದುಡ್ಡು ಹಿಡಿದು ಓಡಾಡುವ ಜನ.

ನನ್ನ ಪುಟದಲ್ಲಿ ನನ್ನ ಎದೆ ಅಳತೆ 24ರಿಂದ ಶುರುವಾಗಿ, ಗೀಟು ಹಾಕಿ 26, ಗೀಟು ಹಾಕಿ 30, ಹಾಗೇ ಬಂದು 38ಕ್ಕೆ ನಿಂತಿದೆ. ಅದೇ ಪುಟದ ಮೇಲ್ಗಡೆ ನಮ್ಮಪ್ಪನ ಅಳತೆ. ಅಪ್ಪ ಹೋಗಿ ಹನ್ನೊಂದು ವರ್ಷ. ಅವರ ಭುಜ ಹದಿನೇಳೂವರೆ ಇಂಚು ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಮಾಮ ಅದನ್ನು ಹೊಡೆದುಹಾಕಿರಲಿಲ್ಲ. ಅಮ್ಮನಿಗೆ ಆ ಪುಟ ತೋರಿಸಿದೆ. ತುಂಬಾ ಹೊತ್ತು ಆ ಅಂಕಿಗಳ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು.

ಏನು ಮಾಡಬೇಕು ಅಂದರೆ, ಮನೆಯವರ ಒಪ್ಪಿಗೆ ಪಡೆದು ಪ್ರತಿ ಪುಟದ ಫೋಟೋ ತೆಗೆಯಿರಿ. ಆಯಾ ಮನೆಯ ಪುಟವನ್ನು ಆಯಾ ಮನೆಗೆ ಮಾತ್ರ ಕಳಿಸಿ. ಗುಂಪಿಗೆ ಹಾಕಬೇಡಿ. ಅದರಲ್ಲಿ ಹೆಣ್ಣುಮಕ್ಕಳ ಅಳತೆ, ಫೋನ್ ನಂಬರು ಎಲ್ಲ ಇರುತ್ತದೆ, ಮಾಮ ಅದನ್ನು ಯಾರಿಗೂ ತೋರಿಸುತ್ತಿರಲಿಲ್ಲ, ನಾವೂ ತೋರಿಸಬಾರದು. ಮೂಲ ಪುಸ್ತಕ ಅವರ ಮನೆಯಲ್ಲೇ ಇರಲಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಬೇಡಿ, ಒಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಹಳೆ ಹತ್ತಿ ಪಂಚೆಯಲ್ಲಿ ಸುತ್ತಿ, ಒಣಗಿದ ಜಾಗದಲ್ಲಿ ಇಡಿ.

ನೆನಪು ಕೇಳುವ ರೀತಿ

'ಅವರು ಹೇಗಿದ್ದರು?' ಅಂತ ಕೇಳಿದರೆ ಎಲ್ಲರೂ 'ತುಂಬಾ ಒಳ್ಳೆಯವರು' ಅಂತಾರೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಅದರ ಬದಲು 'ಅವರು ಹೊಲಿದ ಬಟ್ಟೆ ನಿಮ್ಮ ಮನೆಯಲ್ಲಿ ಇನ್ನೂ ಇದೆಯಾ? ತರ್ತೀರಾ?' ಅಂತ ಕೇಳಿ. ಬೀರುವಿನಿಂದ ಬಟ್ಟೆ ಹೊರಗೆ ಬಂದರೆ ಕಥೆ ತಾನಾಗಿ ಬರುತ್ತದೆ. ಮೊದಲ ಕೆಲಸದ ಇಂಟರ್‌ವ್ಯೂಗೆ ಹೊಲಿಸಿದ ಪ್ಯಾಂಟು, ಮಗಳ ನಾಮಕರಣದ ಲಂಗ ಬಂದವು. ಒಬ್ಬರು ಮೂವತ್ತು ವರ್ಷದ ಹಿಂದಿನ ಸಫಾರಿ ತಂದರು. ಬಟ್ಟೆಯನ್ನು ಒಳಗಡೆ ತಿರುಗಿಸಿ ಫೋಟೋ ತೆಗೆಯಿರಿ, ಟೈಲರ್ ಕೈ ಕಾಣುವುದು ಒಳಗಡೆಯ ಹೊಲಿಗೆಯಲ್ಲಿ.

ಮನೆಯವರು ಮತ್ತು ಶಿಷ್ಯರು ಮಾತಾಡುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಫ್ಯಾನ್ ಆಫ್ ಮಾಡಿ, ಟಿವಿ ಆಫ್ ಮಾಡಿ, ಫೋನನ್ನು ಮಾತಾಡುವವರ ಹತ್ತಿರ ಒಂದು ಬಟ್ಟೆಯ ಮೇಲಿಡಿ. ಶುರುವಿನಲ್ಲಿ ದಿನಾಂಕ, ಊರು, ಮಾತಾಡುವವರ ಹೆಸರು ಹೇಳಿಸಿ. ಇಲ್ಲದಿದ್ದರೆ ಹತ್ತು ವರ್ಷ ಆದಮೇಲೆ ಯಾರ ದನಿ ಅಂತಲೇ ಗೊತ್ತಾಗುವುದಿಲ್ಲ. ಕಾಜಾ ಹುಡುಗನಾಗಿ ಸೇರಿದ್ದು ಯಾರ ಹತ್ತಿರ, ಮೊದಲ ಮಿಷನ್ ತಗೊಂಡಿದ್ದು ಸಾಲದಲ್ಲೋ ಕಂತಿನಲ್ಲೋ, ಆಗ ಒಂದು ಶರ್ಟಿಗೆ ಎಷ್ಟು ಕೂಲಿ, ರೆಡಿಮೇಡ್ ಬಂದಾಗ ಹೇಗೆ ತಡಕೊಂಡರು, ಇಂಥದ್ದು ಕೇಳಿ. ಅತ್ತೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ರಾತ್ರಿ ಹನ್ನೊಂದರ ತನಕ ಮಿಷನ್ ಸದ್ದು ಕೇಳಿ ಕೇಳಿ, ಈಗ ಅದಿಲ್ಲದೆ ಅವರಿಗೆ ನಿದ್ದೆ ಬರುತ್ತಿಲ್ಲ. ಆಮೇಲೆ ನಾವು ಶಿಷ್ಯ ಹೊಲಿಯುವಾಗ ಆ ಮಿಷನ್ನಿನ ಸದ್ದನ್ನೂ ಹತ್ತು ನಿಮಿಷ ರೆಕಾರ್ಡ್ ಮಾಡಿಕೊಟ್ಟೆವು.

ಹಳೆ ಫೋಟೋಗಳ ಹಿಂದೆ ಪೆನ್ನಿನಲ್ಲಿ ಬರೆಯಬೇಡಿ. ಮೆತ್ತನೆಯ ಪೆನ್ಸಿಲ್‌ನಲ್ಲಿ ಹಗುರವಾಗಿ ಬರೆಯಿರಿ. ಲ್ಯಾಮಿನೇಟ್ ಅಂತೂ ಮಾಡಿಸಲೇಬೇಡಿ, ಒಮ್ಮೆ ಮಾಡಿಸಿದರೆ ಮತ್ತೆ ಬಿಡಿಸಲು ಆಗುವುದಿಲ್ಲ.

ಪತ್ರಿಕೆಗೋ ಗುಂಪಿಗೋ ಶ್ರದ್ಧಾಂಜಲಿ ಬರೆಯುವವರು 'ಸರಳ ಸಜ್ಜನರು, ಅಜಾತಶತ್ರು' ಅಂತ ಶುರು ಮಾಡಬೇಡಿ. ಅದನ್ನು ಯಾರ ಬಗ್ಗೆ ಬೇಕಾದರೂ ಬರೆಯಬಹುದು. 'ಶಾಲೆ ಶುರುವಾಗುವ ಹಿಂದಿನ ರಾತ್ರಿ ಯೂನಿಫಾರ್ಮ್ ಇಲ್ಲದೆ ಒಂದು ಮಗುವೂ ಅವರ ಅಂಗಡಿಯಿಂದ ವಾಪಸ್ ಹೋಗಲಿಲ್ಲ' ಅಂತ ಬರೆದರೆ ಅದು ನಮ್ಮ ಮಾಮ ಮಾತ್ರ. 'ನಾಳೆ ಬಾ' ಅಂತ ನಾಲ್ಕು ಸಲ ಓಡಾಡಿಸುತ್ತಿದ್ದರು ಅನ್ನುವುದನ್ನೂ ಬರೆಯಿರಿ. ನಾವು ಅದನ್ನು ಬಿಟ್ಟಿದ್ದೆವು, ಓದಿದ ಅವರ ಮಗಳೇ 'ಅಪ್ಪ ಇದರಲ್ಲಿ ಕಾಣ್ತಿಲ್ಲ' ಅಂದಳು. ಸೇರಿಸಿದೆವು.

ಹೆಸರಿನ ಜೊತೆ ಕೆಲಸವನ್ನೂ ಬರೆಯಿರಿ. ನಮ್ಮಲ್ಲಿ ಇದು ಹೊಸದಲ್ಲ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ. 12ನೇ ಶತಮಾನದ ಈ ವಚನಕಾರರನ್ನು ನಾವು ಇವತ್ತಿಗೂ ಕಾಯಕ ಸೇರಿಸಿಯೇ ಕರೆಯುತ್ತೇವೆ. ಸೂಜಿಕಾಯಕದ ರಾಮಿತಂದೆ ಅಂತಲೇ ಒಬ್ಬರಿದ್ದಾರೆ. ಹಾಗಿರುವಾಗ 'ಶ್ರೀಯುತ' ಅಂತ ಹಾಕಿ ಟೈಲರ್ ಅನ್ನುವುದನ್ನು ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ.

ಸೇರುವುದಾದರೆ

ಅಂಗಡಿ ಮುಂದೆಯೇ ಸೇರಿ. ಸಂಜೆ ಒಂದು ಗಂಟೆ ಸಾಕು. ಸ್ಟೇಜು, ಶಾಲು, ಹಾರ ಬೇಡ. ಅವರು ಹೊಲಿದ ಬಟ್ಟೆ ಹಾಕಿಕೊಂಡು ಬನ್ನಿ ಅಂತ ಹೇಳಿ. ನಾವು ಮೊದಲ ಸಾಲಿನ ಕುರ್ಚಿಗಳನ್ನು ಬ್ಲೌಸ್ ಹೊಲಿಸುತ್ತಿದ್ದ ಹೆಂಗಸರಿಗೆ ಬಿಟ್ಟೆವು, ಏಕೆಂದರೆ ವ್ಯಾಪಾರದ ಅರ್ಧ ಭಾಗ ಅವರದ್ದು, ಮಾತಾಡಲು ಮೈಕ್ ಸಿಗುವುದು ಮಾತ್ರ ಯಾವಾಗಲೂ ಗಂಡಸರಿಗೆ. ರಸ್ತೆಯಲ್ಲಿ ಕುರ್ಚಿ ಹಾಕುವುದಾದರೆ ಪೊಲೀಸ್ ಠಾಣೆಗೆ ಮೊದಲೇ ಹೇಳಿಬಿಡಿ.

ವರ್ಷ ವರ್ಷ ಉಳಿಯುವಂಥದ್ದು

ಮಿಷನ್ ಏನು ಮಾಡಬೇಕು ಅನ್ನುವುದು ಮನೆಯವರ ತೀರ್ಮಾನ. ಮಾರಿದರೆ ತಪ್ಪಿಲ್ಲ. 'ಅಯ್ಯೋ, ಅವರ ನೆನಪು ಮಾರ್ತೀರಾ?' ಅಂತ ದಯವಿಟ್ಟು ಯಾರೂ ಕೇಳಬೇಡಿ, ಅವರ ಅಕ್ಕಿ ಬೇಳೆ ಖರ್ಚು ನಾವು ಕೊಡುವುದಿಲ್ಲವಲ್ಲ. ಇಟ್ಟುಕೊಂಡರೆ ಓಡಿಸುತ್ತಾ ಇರಬೇಕು. ತಿಂಗಳಿಗೊಮ್ಮೆ ಧೂಳು ತೆಗೆದು, ಮಿಷನ್ ಎಣ್ಣೆ ಎರಡೆರಡು ಹನಿ ಬಿಟ್ಟು, ಬೆಲ್ಟ್ ಬಿಗಿ ಇದೆಯಾ ನೋಡಿ, ಒಂದು ಹಳೆ ಬಟ್ಟೆಯ ಮೇಲೆ ಹೊಲಿದು ನೋಡಿ. ಕೊಬ್ಬರಿ ಎಣ್ಣೆ ಬೇಡ, ಅಂಟು ಹಿಡಿದು ಮಿಷನ್ ಬಿಗಿಯಾಗುತ್ತದೆ. ತೆಂಗಿನ ಊರಿನವರಾದ ನಾವು ಇದನ್ನು ನೆನಪಿಟ್ಟುಕೊಳ್ಳಲೇಬೇಕು.

ದುಡ್ಡು ಕೂಡಿದರೆ ಶಾಲೆಗೆ ದತ್ತಿ ಇಡುವುದು ಒಂದು ದಾರಿ. 25,000 ರೂಪಾಯಿ ಠೇವಣಿ ಇಟ್ಟು ನೂರಕ್ಕೆ 7ರ ಬಡ್ಡಿ ಬಂದರೆ ವರ್ಷಕ್ಕೆ 1,750. ದೊಡ್ಡ ಮೊತ್ತ ಅಲ್ಲ, ಆದರೆ ನಾಲ್ಕೈದು ಮಕ್ಕಳ ಯೂನಿಫಾರ್ಮ್ ಹೊಲಿಗೆ ಕೂಲಿ ಆಗುತ್ತದೆ. ನಮ್ಮ ಸರ್ಕಾರಿ ಶಾಲೆಯಲ್ಲಿ ಬಟ್ಟೆ ಕೊಟ್ಟಾಗ ಹೊಲಿಗೆ ದುಡ್ಡಿಗೇ ಒದ್ದಾಡುವ ಮನೆಗಳಿವೆ. ಬಹುಮಾನದ ಕಪ್ಪಿಗಿಂತ ಇದು ಮಾಮನಿಗೆ ಹೊಂದುತ್ತದೆ ಅಂತ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯವರಿಗೆ ಹೇಳಿದೆವು, ಒಪ್ಪಿದರು. ಠೇವಣಿ ಶಾಲೆಯ ಹೆಸರಿನಲ್ಲೇ ಇರಲಿ, ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಬೇಡ. ಅಸಲನ್ನು ಮುಟ್ಟುವ ಹಾಗಿಲ್ಲ ಅಂತ ಬರೆಸಿ.

ಜಾಗದ ಹೆಸರನ್ನು ಬಿಡಬೇಡಿ. 'ಟೈಲರ್ ಅಂಗಡಿ ತಿರುವು' ಅಂತ ಆಟೋದವರಿಗೆ ಹೇಳುತ್ತಿದ್ದಿರಿ ಅಲ್ವಾ, ಈಗಲೂ ಹಾಗೇ ಹೇಳಿ. ಅಲ್ಲಿ ಮೊಬೈಲ್ ಅಂಗಡಿ ಬಂದರೂ ಹಾಗೇ ಹೇಳಿ.

ಶಿಷ್ಯರು ಯಾರಾದರೂ ಅಂಗಡಿ ಮುಂದುವರಿಸಿದರೆ ಮೊದಲ ತಿಂಗಳೇ ಹೋಗಿ ಒಂದು ಶರ್ಟ್ ಹೊಲಿಸಿ. ನಮ್ಮಲ್ಲಿ ಪೀಣ್ಯದ ಹುಡುಗ ಕೊನೆಗೆ ಊರಿಗೇ ಬಂದ. ಅಳತೆ ಪುಸ್ತಕ ಅತ್ತೆಯೇ ಅವನ ಕೈಗೆ ಕೊಟ್ಟರು. ಕಾಲರ್ ಮಾಮ ಕೂರಿಸಿದ ಹಾಗೆ ಕೂತಿಲ್ಲ ಅಂತ ಅನ್ನಿಸುತ್ತದೆ, ನನಗೂ ಅನ್ನಿಸಿತು. ಮೊದಲ ಎರಡು ಶರ್ಟಿನ ತನಕ ಅದನ್ನು ಅವನಿಗೆ ಹೇಳಬೇಡಿ.